ನೆರಳಿನ ಹಿತ್ತಲಲ್ಲಿ ಮೈಸೂರು ಥನ್ಬರ್ಜಿಯಾ: ದಾವಣಗೆರೆ, ಚಿತ್ರದುರ್ಗದವರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆ ಕಡೆ ಮನೆ ಕಟ್ಟುವಾಗ ಹಿಂದೆ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಈ ಕಡೆ ನಮ್ಮ ಗೋಡೆ, ಆ ಕಡೆ ಪಕ್ಕದವರ ಎರಡಂತಸ್ತಿನ ಮನೆ. ನಡುವೆ ನೀರಿನ ಡ್ರಮ್ಮು, ಬಟ್ಟೆ ಒಗೆಯುವ ಕಲ್ಲು, ಯಾರೂ ಹತ್ತದ ಒಂದು ಸೈಕಲ್ಲು. ಬಿಸಿಲು ಬೆಳಿಗ್ಗೆ ಒಂದೆರಡು ಗಂಟೆ ಬಂದರೆ ಹೆಚ್ಚು. ಅಲ್ಲಿ ಮಲ್ಲಿಗೆ ಹಾಕಿ ನೋಡಿರುತ್ತಾರೆ, ಬರೀ ಎಲೆ. ಬೋಗನ್‌ವಿಲ್ಲಾ ಹಾಕಿದರೆ ಅದು ಬಿಸಿಲು ಹುಡುಕಿಕೊಂಡು ಪಕ್ಕದವರ ಟೆರೇಸ್ ಹತ್ತಿ ಅವರಿಗೆ ಹೂ ಕೊಡುತ್ತದೆ. ಕೊನೆಗೆ "ಅಲ್ಲಿ ಏನ್ ಹಾಕಿದ್ರೂ ಬರಲ್ಲ ಬಿಡ್ರೀ" ಅಂತ ತೀರ್ಮಾನ ಆಗುತ್ತದೆ.

ಬರುತ್ತದೆ. ಹಾಕುವ ಬಳ್ಳಿ ಬದಲಿಸಬೇಕು, ಅಷ್ಟೇ. ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೇನೂ ಬರವಿಲ್ಲ. ಬರ ಇರುವುದು ನೆರಳಿಗೆ, ತಂಪಿಗೆ, ಗಾಳಿಯ ಮರೆಗೆ. ನಿಮ್ಮ ಹಿತ್ತಲಲ್ಲಿ ಈ ಮೂರೂ ಪುಕ್ಕಟೆ ಸಿಗುತ್ತಿದ್ದರೆ ಅಲ್ಲಿ ಘಟ್ಟದ ಕಾಡಿನ ಬಳ್ಳಿಯೊಂದನ್ನು ಬೆಳೆಸಬಹುದು. ಬೀದಿ ಕಡೆ ಬಯಲಲ್ಲಿ ತೋಟ ಮಾಡಿಕೊಂಡವರಿಗೆ ಅದು ಸುಲಭಕ್ಕೆ ಒಲಿಯುವುದಿಲ್ಲ.

ಬಳ್ಳಿಯ ಗುರುತು

ನಾನು ಹೇಳುತ್ತಿರುವುದು ಥನ್ಬರ್ಜಿಯಾ ಮೈಸೂರೆನ್ಸಿಸ್. ನರ್ಸರಿಯವರು ಮೈಸೂರು ಟ್ರಂಪೆಟ್ ವೈನ್ ಅಥವಾ ಲೇಡೀಸ್ ಸ್ಲಿಪ್ಪರ್ ವೈನ್ ಅಂತಲೂ ಕೊಡುತ್ತಾರೆ. ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಬಳ್ಳಿ ಇದು. ವರ್ಷವಿಡೀ ಹಸಿರಾಗಿರುತ್ತದೆ. ಆಸರೆಗೆ ಸುತ್ತಿಕೊಂಡು 20 ಅಡಿ ಸಲೀಸಾಗಿ ಹೋಗುತ್ತದೆ. ಚಪ್ಪರದಿಂದ ಇದರ ಗೊಂಚಲುಗಳು ಹಬ್ಬದ ತೋರಣದ ಹಾಗೆ ಇಳಿಬೀಳುತ್ತವೆ, ಒಂದೊಂದೂ 2–3 ಅಡಿ ಉದ್ದ. ಹೂವಿನ ಒಳಭಾಗ ಗಟ್ಟಿ ಹಳದಿ, ದಳದ ಅಂಚು ಕಂದುಗೆಂಪು. ಬಾಯಿ ದೊಡ್ಡದಾಗಿ ತೆರೆದಿರುತ್ತದೆ, ಕಂದುಗೆಂಪು ದಳಗಳು ಹಿಂದಕ್ಕೆ ಮಡಚಿಕೊಂಡಿರುತ್ತವೆ.

ಘಮ ಬೇಕು, ಮುಡಿಯೋಕೆ ಬೇಕು ಅನ್ನುವವರಿಗೆ ಈ ಬಳ್ಳಿ ಆಗಿ ಬರುವುದಿಲ್ಲ. ಇದು ನೋಡುವ ಹೂವು. ಮನುಷ್ಯರಿಗಿಂತ ಸೂರಕ್ಕಿಗಳಿಗೆ ಇದರ ಮೇಲೆ ಆಸೆ ಜಾಸ್ತಿ.

ಕೊಳ್ಳುವಾಗ ಒಂದು ಎಚ್ಚರ. ಥನ್ಬರ್ಜಿಯಾ ಕೊಡಿ ಅಂದರೆ ಹೆಚ್ಚಿನ ಕಡೆ ನೀಲಿ ಹೂವಿನ ಗ್ರಾಂಡಿಫ್ಲೋರಾ ಕೊಡುತ್ತಾರೆ. ಅದರ ಎಲೆ ಅಗಲ, ಬುಡದಲ್ಲಿ ಹೃದಯದ ಆಕಾರ, ಅಂಚು ಕೋನ ಕೋನ. ನಮಗೆ ಬೇಕಾದ್ದರ ಎಲೆ ಉದ್ದ, ಕಿರಿದು, ತುದಿ ಚೂಪು, ಮುಟ್ಟಿದರೆ ನುಣುಪು. ಎಲೆಯ ಬುಡದಿಂದಲೇ ಮೂರು ನರ ಎದ್ದು ಕಾಣುತ್ತವೆ. ಹೂ ಇಲ್ಲದ ಗಿಡವಾದರೂ ಎಲೆ ನೋಡಿ ಹೇಳಿಬಿಡಬಹುದು. ನೀಲಿ ಬಳ್ಳಿ ಚೆಂದವೇ, ಆದರೆ ನೆಲದಡಿ ಗಡ್ಡೆ ಕಟ್ಟಿಕೊಂಡು ಸಣ್ಣ ಹಿತ್ತಲನ್ನು ಪೂರ್ತಿ ನುಂಗುತ್ತದೆ. ಆಮೇಲೆ ಕಿತ್ತರೂ ಹೋಗುವುದಿಲ್ಲ.

ದಾವಣಗೆರೆಯ ನರ್ಸರಿಗಳಲ್ಲಿ ಇದು ಸದಾ ಇರುವ ಗಿಡ ಅಲ್ಲ. ಮೊದಲೇ ಹೇಳಿ ತರಿಸಿಕೊಳ್ಳಿ, ಇಲ್ಲವೇ ಶಿವಮೊಗ್ಗ ಕಡೆ ಹೋದಾಗ ಕೇಳಿ. ಮೂರಡಿ ಎತ್ತರದ ಬಡಕಲು ಗಿಡಕ್ಕಿಂತ ಒಂದಡಿಯ, ಬುಡದಲ್ಲಿ ಎರಡು ಚಿಗುರಿರುವ ಗಿಡವೇ ವಾಸಿ. ಕವರಿನ ತಳದಿಂದ ಬೇರು ದಪ್ಪಗೆ ಹೊರಬಂದು ಸುತ್ತಿಕೊಂಡಿದ್ದರೆ ಬೇಡ ಅನ್ನಿ.

ನೆರಳು ಅಂದರೆ ಎಷ್ಟು ನೆರಳು?

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಈ ಬಳ್ಳಿಗೆ ಮಧ್ಯಾಹ್ನದ ಸುಡುಬಿಸಿಲು ಬೇಡ, ಬೆಳಕು ಮಾತ್ರ ಬೇಕು. ಕತ್ತಲೆಯಲ್ಲಿ ಬದುಕುತ್ತದೆ, ಹೂ ಬಿಡುವುದಿಲ್ಲ.

ಪರೀಕ್ಷೆ ಸುಲಭ. ಮಧ್ಯಾಹ್ನ 12 ಗಂಟೆಗೆ ಬಳ್ಳಿ ಹಬ್ಬಬೇಕಾದ ಎತ್ತರದಲ್ಲಿ ಒಂದು ಬಿಳಿ ಹಾಳೆ ಹಿಡಿಯಿರಿ, ಅದರಿಂದ ಗೇಣು ದೂರದಲ್ಲಿ ಅಂಗೈ ಚಾಚಿ. ಬೆರಳುಗಳ ನೆರಳು ಗೀರಿದ ಹಾಗೆ ಬಿದ್ದರೆ ಅದು ಬಿಸಿಲು. ಕೈಯ ಆಕಾರ ಮಸುಕಾಗಿ ಕಂಡರೆ ನಮಗೆ ಬೇಕಾದ ಜಾಗ. ನೆರಳೇ ಬೀಳದಿದ್ದರೆ ಕತ್ತಲು ಜಾಸ್ತಿ ಆಯಿತು. ಬೆಳಿಗ್ಗೆ 10ರವರೆಗಿನ ಎಳೆಬಿಸಿಲು ಎರಡು ಮೂರು ಗಂಟೆ ಬಿದ್ದರೆ ಇನ್ನೂ ಒಳ್ಳೆಯದು. ಹಾಗಾಗಿ ಪೂರ್ವಕ್ಕೆ ತೆರೆದ ಸಂದಿ ಮೊದಲ ಆಯ್ಕೆ. ಪಶ್ಚಿಮಕ್ಕೆ ತೆರೆದ ಜಾಗ ಕೊನೆಯದು, ಯಾಕೆಂದರೆ ಏಪ್ರಿಲ್‌ನ 4 ಗಂಟೆಯ ಬಿಸಿಲು ಎಲೆಯನ್ನು ಬೇಯಿಸಿಬಿಡುತ್ತದೆ.

ಮನೆಯ ಉತ್ತರಕ್ಕೆ ಹಿತ್ತಲಿದ್ದವರು ಒಂದು ಲೆಕ್ಕ ತಿಳಿದುಕೊಳ್ಳಬೇಕು. ನಮ್ಮೂರುಗಳು ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಅಂದರೆ ಡಿಸೆಂಬರಿನಲ್ಲಿ ಪೂರ್ತಿ ನೆರಳಿದ್ದ ಉತ್ತರದ ಗೋಡೆಗೆ ಮೇ ತಿಂಗಳಲ್ಲಿ ಬಿಸಿಲು ಬೀಳುತ್ತದೆ. ಡಿಸೆಂಬರಿನಲ್ಲಿ ಇದರ ಉಲ್ಟಾ. ಆಗ ನಡು ಮಧ್ಯಾಹ್ನವೂ 10 ಅಡಿ ಗೋಡೆಯ ನೆರಳು ಉತ್ತರಕ್ಕೆ ಸುಮಾರು 8 ಅಡಿ ಚಾಚುತ್ತದೆ. 20 ಅಡಿಯ ಮನೆಯಾದರೆ 16 ಅಡಿ. ಈ ಬಳ್ಳಿ ಮುಖ್ಯವಾಗಿ ಹೂ ಬಿಡುವುದು ಚಳಿಗಾಲದಲ್ಲಿ, ಅಂದರೆ ಬೆಳಕು ಕಡಿಮೆ ಇರುವ ಅದೇ ತಿಂಗಳುಗಳಲ್ಲಿ. ಆದ್ದರಿಂದ ಬುಡ ನೆರಳಲ್ಲೇ ಇರಲಿ, ಚಪ್ಪರ ಮಾತ್ರ ಆಕಾಶ ಕಾಣುವಷ್ಟು ಎತ್ತರ, ಆದಷ್ಟು ಗೋಡೆಯಿಂದ ದೂರ ಚಾಚಿಕೊಂಡಿರಲಿ.

ಚಿತ್ರದುರ್ಗದಲ್ಲಿ ಇನ್ನೊಂದು ತೊಡಕಿದೆ. ಕೋಟೆಯ ಬುಡದ ಬಡಾವಣೆಗಳಲ್ಲಿ ಕೆಲವರ ಹಿತ್ತಲಲ್ಲೇ ಬಂಡೆ ಇರುತ್ತದೆ. ಹಗಲು ಕಾದ ಬಂಡೆ ರಾತ್ರಿ ಊಟದ ಹೊತ್ತಿಗೂ ಬೆಚ್ಚಗಿರುತ್ತದೆ, ಕೈ ಇಟ್ಟು ನೋಡಿ. ಅಂಥ ಬಂಡೆಯಿಂದ ಕನಿಷ್ಠ 5 ಅಡಿ ದೂರ ನೆಡಿ.

ಗಾಳಿ

ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಸಾಲಿನಲ್ಲಿ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಪಶ್ಚಿಮದಿಂದ, ನೈಋತ್ಯದಿಂದ ಬೀಸುವ ಗಾಳಿ ಈ ಎರಡೂ ಜಿಲ್ಲೆಗಳಲ್ಲಿ ಜೋರು. ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿಯ ಜೋರು ಕಡಿಮೆ, ಆದರೆ ಒಣ. ಇವೆರಡರಲ್ಲಿ ಬಳ್ಳಿಯನ್ನು ಹೆಚ್ಚು ಹಾಳುಮಾಡುವುದು ಎರಡನೆಯದು. ಘಟ್ಟದ ತೇವಕ್ಕೆ ಒಗ್ಗಿದ ಎಲೆ ಇಲ್ಲಿಯ ಒಣಗಾಳಿಗೆ ಅಂಚಿನಿಂದ ಕಂದಾಗುತ್ತ ಬರುತ್ತದೆ. ಜನ ಅದನ್ನು ಬಿಸಿಲಿನ ಏಟು ಅಂದುಕೊಂಡು ನೀರು ಜಾಸ್ತಿ ಹಾಕುತ್ತಾರೆ, ಬುಡ ಕೊಳೆಯುತ್ತದೆ.

ಎರಡು ಮನೆಗಳ ನಡುವಿನ ಸಂದಿ ಮರೆಯಾಗಿ ಕಾಣುತ್ತದೆ. ಆದರೆ ಪೂರ್ವ ಪಶ್ಚಿಮ ಎರಡೂ ಕಡೆ ತೆರೆದಿದ್ದರೆ ಅದೇ ಗಾಳಿಯ ದಾರಿ. ನೆಡುವ ಮೊದಲು ಹಳೇ ಸೀರೆಯ ಒಂದು ಉದ್ದ ತುಂಡನ್ನು ಚಪ್ಪರದ ಎತ್ತರದಲ್ಲಿ ಕಟ್ಟಿ ಬಿಡಿ. ಮಧ್ಯಾಹ್ನ 3 ಗಂಟೆಗೆ ಅದು ತೂಗಾಡುತ್ತಿದ್ದರೆ ಪರವಾಗಿಲ್ಲ. ಪಟಪಟ ಅಂತ ಅಡ್ಡಕ್ಕೆ ಹಾರುತ್ತಿದ್ದರೆ ಪಶ್ಚಿಮದ ಬಾಯಿಗೆ ತಡೆ ಬೇಕು.

ತಡೆಗೆ ತಗಡು ಹೊಡೆಯಬೇಡಿ. ಗಾಳಿ ತಗಡಿನ ಮೇಲೆ ಹತ್ತಿ ಆಚೆ ಸುಳಿಯಾಗಿ ಬಳ್ಳಿಯ ಮೇಲೇ ಬೀಳುತ್ತದೆ. 50 ಪರ್ಸೆಂಟಿನ ಹಸಿರು ನೆರಳುಬಲೆ ಸಾಕು. ಅರ್ಧ ಗಾಳಿ ಒಳಗೆ ಬಿಟ್ಟು, ಉಳಿದ ಜೋರನ್ನು ಮುರಿಯುತ್ತದೆ. ಸಾಲಾಗಿ ಕ್ರೋಟನ್ ಅಥವಾ ದಾಸವಾಳ ಹಾಕಿದರೂ ಆಗುತ್ತದೆ, ಆದರೆ ಅದು ಬೆಳೆಯುವವರೆಗೆ ಬಲೆ ಇರಲಿ.

ಮಣ್ಣು, ಗುಂಡಿ

ದಾವಣಗೆರೆ ಸುತ್ತ ಎರೆ ಮಣ್ಣು ಬೇಕಾದಷ್ಟಿದೆ. ಮಳೆಯಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಅದರಲ್ಲಿ ಗುಂಡಿ ತೋಡಿ ಒಳ್ಳೆ ಮಣ್ಣು ತುಂಬಿದರೆ ಮಳೆಗಾಲದಲ್ಲಿ ಆ ಗುಂಡಿಯೇ ನೀರಿನ ತೊಟ್ಟಿ ಆಗುತ್ತದೆ. ಎರೆ ನೆಲವಿದ್ದವರು ಆಳ ಕಡಿಮೆ ಮಾಡಿ, ನೆಲದಿಂದ ಒಂದಡಿ ಎತ್ತರದ ಅಗಲವಾದ ದಿಬ್ಬ ಮಾಡಿ ನೆಡಿ. ಕೆಂಪು ಮಣ್ಣಿನ ಕಡೆ 2 ಅಡಿ ಉದ್ದ, ಅಗಲ, ಆಳದ ಗುಂಡಿ ಸರಿ.

ಗೋಡೆಗೆ ಅಂಟಿಸಿ ತೋಡಬೇಡಿ, ಎರಡಡಿ ಬಿಡಿ. ಗೋಡೆಯ ಬುಡದಲ್ಲಿ ಮನೆ ಕಟ್ಟಿದಾಗಿನ ಸಿಮೆಂಟು, ಸುಣ್ಣ, ಇಟ್ಟಿಗೆ ಚೂರು ಹೂತಿರುತ್ತದೆ. ಅದು ಮಣ್ಣನ್ನು ಕ್ಷಾರ ಮಾಡುತ್ತದೆ, ಬಳ್ಳಿಗೆ ಕಬ್ಬಿಣದ ಅಂಶ ಸಿಗದ ಹಾಗೆ ಮಾಡುತ್ತದೆ. ತೋಡುವಾಗ ಗಾರೆ ಚೂರು ಸಿಕ್ಕರೆ ಅಷ್ಟನ್ನೂ ಆರಿಸಿ ಹೊರಗೆ ಹಾಕಿ.

ತುಂಬಲು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಅಥವಾ ಕುರಿ ಗೊಬ್ಬರ, ಒಂದು ಪಾಲು ತೊಳೆದ ಮರಳು ಅಥವಾ ತೆಂಗಿನ ನಾರಿನ ಪುಡಿ. ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ. ಧೂಳು ತುಂಬಿದ ಎಂ ಸ್ಯಾಂಡ್ ಹಾಕಿದರೆ ಮಣ್ಣು ಕಚ್ಚಿಕೊಂಡು ಗಟ್ಟಿಯಾಗುತ್ತದೆ, ತೊಳೆದೇ ಹಾಕಿ. ಕುರಿ ಗೊಬ್ಬರ ಚಳ್ಳಕೆರೆ ಕಡೆಯಿಂದ ಒಳ್ಳೆಯದೇ ಸಿಗುತ್ತದೆ, ಆದರೆ ಹಸಿಯದು ಬೇರು ಸುಡುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಪುಡಿಯಾಗಬೇಕು, ಮೂಗಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಕುರಿಹಟ್ಟಿ ವಾಸನೆ ಬಂದರೆ ಇನ್ನೂ ಎರಡು ತಿಂಗಳು ಬಿಡಿ.

ಚಪ್ಪರ

ಗೋಡೆಗೆ ಜಾಲರಿ ಹೊಡೆದು ಹಬ್ಬಿಸಿದರೆ ಈ ಬಳ್ಳಿಯ ಚೆಂದ ಹೋಯಿತು. ಗೊಂಚಲು ಗಾಳಿಯಲ್ಲಿ ತೂಗಬೇಕು, ಗೋಡೆಗೆ ಒರಗಬಾರದು. ಹಾಗಾಗಿ ಅಡ್ಡ ಚಪ್ಪರವೇ ಬೇಕು. ಎತ್ತರ 9 ಅಡಿ ಇರಲಿ. ಗೊಂಚಲು 3 ಅಡಿ ಇಳಿದರೂ ತಲೆಗೆ ತಾಗದಂತೆ ಓಡಾಡಬಹುದು.

ನಮ್ಮಲ್ಲಿ ಬೇಲಿಗೆ ಹಾಕುವ ಕಲ್ಲುಕಂಬ ಸಿಗುತ್ತವೆ. ಅವು ತಲೆಮಾರು ಬಾಳುತ್ತವೆ. ಎರಡಡಿ ನೆಲದೊಳಗೆ ಹೋಗಬೇಕಾದ್ದರಿಂದ ಉದ್ದ ನೋಡಿಕೊಂಡು ತನ್ನಿ. ಒಂದು ಕಡೆ ಗೋಡೆಗೆ ಎಲ್ ಆಂಗಲ್ ಕೂರಿಸಿ, ಇನ್ನೊಂದು ಕಡೆ ಎರಡು ಕಂಬ ನಿಲ್ಲಿಸಿ, ನಡುವೆ ಒಂದಡಿಗೊಂದರಂತೆ ದಪ್ಪ ಜಿಐ ತಂತಿ ಎಳೆಯಿರಿ. ಚನ್ನಗಿರಿ ಕಡೆಯವರಿಗೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಸುಲಭಕ್ಕೆ ಸಿಗುತ್ತದೆ, ಆದರೆ ತೇವಕ್ಕೆ ಕೆಲವೇ ವರ್ಷದಲ್ಲಿ ಮುರಿಯುತ್ತದೆ. ಮೂರು ವರ್ಷದ ಬಳ್ಳಿ ಮಳೆಯಲ್ಲಿ ನೆಂದು ತೂಗುವಾಗ ದಬ್ಬೆ ಮುರಿದರೆ ಬಳ್ಳಿಯೂ ಹೋಯಿತು. ಮೊದಲೇ ಖರ್ಚು ಮಾಡಿಬಿಡಿ.

ಚಪ್ಪರದ ಕೆಳಗೆ ಸ್ಕೂಟರ್ ನಿಲ್ಲಿಸಬೇಡಿ, ಬಟ್ಟೆ ಒಣಹಾಕಬೇಡಿ. ಹೂವಿನಿಂದ ಮಕರಂದ ತೊಟ್ಟಿಕ್ಕುತ್ತದೆ, ಅಂಟಂಟು ಆಗುತ್ತದೆ, ಇರುವೆ ಬರುತ್ತದೆ.

ಯಾವಾಗ ನೆಡಬೇಕು

ಮೃಗಶಿರಾ ಮಳೆ ಬಿದ್ದ ಕೂಡಲೇ ನೆಡುವುದು ಎಲ್ಲರ ರೂಢಿ. ಈ ಬಳ್ಳಿಗೆ ನಾನು ಅದನ್ನು ಒಪ್ಪುವುದಿಲ್ಲ. ಬೇರು ಹಿಡಿಯುವ ಮೊದಲೇ ಆಷಾಢದ ಗಾಳಿ ಎಳೇ ಕುಡಿಯನ್ನು ಹಿಂಡಿಬಿಡುತ್ತದೆ. ಗಾಳಿ ಇಳಿದ ಮೇಲೆ, ಉತ್ತರೆ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮಧ್ಯಕ್ಕೆ ನೆಡಿ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ಚೆನ್ನಾಗಿರುವುದು. ಹಸ್ತ, ಚಿತ್ತೆ ಮುಗಿಯುವಷ್ಟರಲ್ಲಿ ಬೇರು ಇಳಿದಿರುತ್ತದೆ, ಮುಂದೆ ಬೇಸಿಗೆಗೆ ನಾಲ್ಕು ತಿಂಗಳ ಬಿಡುವು ಸಿಗುತ್ತದೆ.

ಸಂಜೆ ನೆಡಿ. ಕವರ್ ಕತ್ತರಿಸಿ ತೆಗೆಯಿರಿ, ಎಳೆಯಬೇಡಿ. ಕವರಿನಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಷ್ಟೇ ಆಳ, ಕಾಂಡ ಹೂಳಬಾರದು. ಪಕ್ಕಕ್ಕೆ ಒಂದು ಬಿದಿರಿನ ಕಡ್ಡಿಯನ್ನು ಚಪ್ಪರದ ಕಡೆ ವಾಲಿಸಿ ನಿಲ್ಲಿಸಿ. ಸಣಬಿನ ಹುರಿಯಲ್ಲಿ ಸಡಿಲವಾಗಿ ಕಟ್ಟಿ, ಕಟ್ಟಿನೊಳಗೆ ಕಿರುಬೆರಳು ಹೋಗುವಷ್ಟು ಜಾಗ ಇರಲಿ.

ನೀರು

ಇಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಬಳ್ಳಿಯ ತವರಲ್ಲಿ ಅದರ ಎಷ್ಟೋ ಪಟ್ಟು. ಈ ಅಂತರವನ್ನು ನೀರು ಸುರಿದು ತುಂಬಲು ಆಗುವುದಿಲ್ಲ, ತೇವ ಹಿಡಿದಿಟ್ಟು ತುಂಬಬೇಕು. ಬುಡದ ಸುತ್ತ ಎರಡಡಿಯಷ್ಟು ಅಗಲಕ್ಕೆ ಮೂರಿಂಚು ದಪ್ಪ ಹೊದಿಕೆ ಹಾಕಿ. ಹಳೆಯ ಅಡಿಕೆ ಸಿಪ್ಪೆ, ಒಣ ಎಲೆ, ತೆಂಗಿನ ನಾರು, ಯಾವುದಾದರೂ ಸರಿ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ.

ನೀರು ಹಾಕುವ ಮೊದಲು ಹೊದಿಕೆ ಸರಿಸಿ ಬೆರಳು ಎರಡು ಗೆಣ್ಣಿನವರೆಗೆ ಇಳಿಸಿ. ತಣ್ಣಗಿದ್ದರೆ ಇವತ್ತು ಬೇಡ. ಮಾರ್ಚ್‌ನಿಂದ ಮೇ ತನಕ ಸಾಮಾನ್ಯವಾಗಿ ದಿನಾ ಬೇಕಾಗುತ್ತದೆ, ಚಳಿಗಾಲದಲ್ಲಿ ಮೂರು ದಿನಕ್ಕೊಮ್ಮೆ ಸಾಕು. ಬೇಸಿಗೆ ಸಂಜೆ ಚಪ್ಪರದ ಕೆಳಗಿನ ನೆಲಕ್ಕೂ, ಗೋಡೆಗೂ ಒಂದು ಬಕೆಟ್ ಎರಚಿ. ಸುತ್ತಲಿನ ಗಾಳಿ ತಂಪಾಗುತ್ತದೆ, ಎಲೆ ಅಂಚು ಸುಡುವುದು ಕಡಿಮೆಯಾಗುತ್ತದೆ.

ಬೋರ್‌ವೆಲ್ ನೀರು ಇಲ್ಲಿ ಹೆಚ್ಚಿನ ಕಡೆ ಗಡಸು. ಕೊಡದ ಒಳಗೆ ಬಿಳಿ ಪೊರೆ ಕಟ್ಟುತ್ತದೆಯಲ್ಲ, ಅದೇ ಮಣ್ಣಲ್ಲೂ ಕೂರುತ್ತದೆ. ಮಳೆನೀರು ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದರೆ ಮೊದಲ ಪಾಲು ಈ ಬಳ್ಳಿಗೆ ಕೊಡಿ. ನಲ್ಲಿ ನೀರು ಎರಡನೆಯದು. ಆರ್‌ಒ ಯಂತ್ರದಿಂದ ಹೊರಬರುವ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಈಗ ಮನೆಮನೆಯಲ್ಲಿದೆ. ಅದರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ, ಇದಕ್ಕೆ ಹಾಕಬೇಡಿ. ಬಟ್ಟೆ ಒಗೆದ ನೀರೂ ಬೇಡ.

ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಗಡಸು ನೀರಿನ ಕೆಲಸ ಅದು. ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ (ಕಬ್ಬಿಣದ ಅಂಶ ಕೊಡುವ ಫೆರಸ್ ಸಲ್ಫೇಟ್) ಕೇಳಿ. ಲೀಟರ್ ನೀರಿಗೆ 3 ಗ್ರಾಂ ಅನ್ನಭೇದಿ, ಅರ್ಧ ನಿಂಬೆಹಣ್ಣಿನ ರಸ. ಸಂಜೆ ಎಲೆಗೆ ಸಿಂಪಡಿಸಿ, 15 ದಿನ ಬಿಟ್ಟು ಮತ್ತೊಮ್ಮೆ. ಬುಡಕ್ಕೆ ಸುರಿದರೆ ಸುಣ್ಣದ ಮಣ್ಣು ಅದನ್ನು ಕಟ್ಟಿಹಾಕುತ್ತದೆ, ಬಳ್ಳಿಗೆ ಸಿಗುವುದಿಲ್ಲ.

ಗೊಬ್ಬರ

ಜೂನ್‌ನಲ್ಲಿ ಒಂದು ಬುಟ್ಟಿ ಕಳಿತ ಗೊಬ್ಬರ. ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ಶೇಂಗಾ ಹಿಂಡಿ ನೀರು: ಒಂದು ಹಿಡಿ ಹಿಂಡಿಯನ್ನು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ. ವಾಸನೆಗೆ ಮನೆಯವರು ಬೈಯುತ್ತಾರೆ, ಮುಚ್ಚಳ ಹಾಕಿ. ಅಕ್ಟೋಬರ್ ಬಂದರೆ ನಿಲ್ಲಿಸಿ, ಇಲ್ಲದಿದ್ದರೆ ಎಲೆಯೇ ಎಲೆ.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಬೂದಿ ಸುಲಭಕ್ಕೆ ಸಿಗುತ್ತದೆ ಅಂತ ಗಿಡಕ್ಕೆಲ್ಲ ಹಾಕುವವರಿದ್ದಾರೆ. ಬೂದಿ ಕ್ಷಾರ. ನೀರೂ ಗಡಸು, ಮೇಲೆ ಬೂದಿಯೂ ಆದರೆ ಹೊಸ ಎಲೆ ಹಳದಿಯಾಗುವುದು ಗ್ಯಾರಂಟಿ. ಈ ಬಳ್ಳಿಗೆ ಬೇಡ.

ಹತ್ತಿಸುವುದು, ಕತ್ತರಿಸುವುದು

ಮೊದಲ ವರ್ಷ ಎರಡೇ ಕುಡಿ ಮೇಲೆ ಹೋಗಲಿ. ಪಕ್ಕದ ಚಿಗುರುಗಳನ್ನು ಎಳೆಯವಾಗಿರುವಾಗಲೇ ಉಗುರಲ್ಲಿ ಚಿವುಟಿ. ಕುಡಿ ಚಪ್ಪರ ಮುಟ್ಟಿ ಒಂದಡಿ ದಾಟಿದ ಮೇಲೆ ತುದಿ ಚಿವುಟಿ, ಅಲ್ಲಿಂದ ಕವಲು ಒಡೆಯುತ್ತದೆ. ಒಂದೊಂದು ಕವಲನ್ನು ಒಂದೊಂದು ತಂತಿಗೆ ತಿರುಗಿಸಿ. ಬಿಟ್ಟರೆ ಎಲ್ಲವೂ ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತವೆ, ಒಳಗೆ ಬೆಳಕು ಹೋಗುವುದಿಲ್ಲ.

ಹೂ ಮುಗಿದ ಮೇಲೆ, ಫೆಬ್ರವರಿ ಕೊನೆಗೆ, ಒಣಗಿದ ಗೊಂಚಲು ಮಾತ್ರ ತೆಗೆಯಿರಿ. ಆಗಲೇ ಜೋರಾಗಿ ಕತ್ತರಿಸಿದರೆ ಬೇಸಿಗೆಯ ಬಿಸಿಲು ಒಳಗಿನ ಎಳೇ ಕಾಂಡಕ್ಕೆ ಹೊಡೆಯುತ್ತದೆ. ದೊಡ್ಡ ಕೆಲಸ ಜೂನ್‌ನ ಮೊದಲ ಮಳೆಗೆ. ಹಳೆಯ, ದಪ್ಪನೆಯ ಕವಲುಗಳಲ್ಲಿ ಮೂರರಲ್ಲೊಂದನ್ನು ಬುಡದ ಹತ್ತಿರ ಕತ್ತರಿಸಿ ಹೊರಗೆಳೆಯಿರಿ. ಒಂದೇ ಏಟಿಗೆ ಎಳೆಯದೆ ತುಂಡು ತುಂಡಾಗಿ ತೆಗೆಯಿರಿ.

ಹೂ

ಕಡ್ಡಿಯಿಂದ ಬೆಳೆಸಿದ ಗಿಡ ಎರಡನೇ ಚಳಿಗಾಲಕ್ಕೆ ಹೂ ತೋರಿಸಬಹುದು, ಮೂರನೆಯದಕ್ಕೆ ಚೆನ್ನಾಗಿ ಬಿಡುತ್ತದೆ. ಗೊಂಚಲು ಮೊದಲು ತೆಳ್ಳಗೆ ಇಳಿಯುತ್ತದೆ, ಅದರ ಮೇಲೆ ಜೋಡಿ ಜೋಡಿ ಮೊಗ್ಗು. ಮೊಗ್ಗನ್ನು ಎರಡು ಕೆಂಪು ಛಾಯೆಯ ಪೊರೆಗಳು ಮುಚ್ಚಿಕೊಂಡಿರುತ್ತವೆ. ಹೂ ಅರಳುವುದು ಮೇಲಿನಿಂದ ಕೆಳಕ್ಕೆ. ಮೇಲಿನ ಹೂ ಉದುರುವಾಗ ತುದಿ ಇನ್ನೂ ಬೆಳೆಯುತ್ತಿರುತ್ತದೆ. ಹಾಗಾಗಿ ಮೇಲೆ ಬೋಳಾಯಿತು ಅಂತ ಗೊಂಚಲು ಕತ್ತರಿಸಬೇಡಿ, ವಾರಗಟ್ಟಲೆ ಬರುವ ಹೂ ಹೋಗುತ್ತದೆ.

ಬೆಳಿಗ್ಗೆ 7ರ ಹೊತ್ತಿಗೆ ನಿಂತು ನೋಡಿದರೆ ಸೂರಕ್ಕಿ ಬರುತ್ತದೆ. ಗೊಂಚಲಿನ ದಂಟನ್ನೇ ಕಾಲಲ್ಲಿ ಹಿಡಿದು ಹೂವಿನ ಬಾಯಿಗೆ ತಲೆ ತೂರಿಸುತ್ತದೆ. ತಲೆ ಹೊರಗೆ ತೆಗೆದಾಗ ಹಣೆ ಮೇಲೆ ಪರಾಗ ಮೆತ್ತಿರುತ್ತದೆ. ಅದಕ್ಕೇ ಹೂ ಬಿಡುವ ಕಾಲದಲ್ಲಿ ಕೀಟನಾಶಕ ಬೇಡ.

ಕೀಟ

ಬೇಸಿಗೆಯಲ್ಲಿ ಎಲೆ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕೆ, ಕೆಳಗೆ ಸಣ್ಣ ಬಲೆ ಕಂಡರೆ ನುಸಿ ಹತ್ತಿದೆ. ಒಣಗಾಳಿ ಇದ್ದಲ್ಲೇ ಇದು ಹೆಚ್ಚು. ವಾರಕ್ಕೆರಡು ಸಲ ಬೆಳಿಗ್ಗೆ ಎಲೆಯ ಅಡಿಗೆ ಪೈಪಿನಿಂದ ಜೋರಾಗಿ ನೀರು ಹೊಡೆಯಿರಿ. ಬಿಳಿ ಹಿಟ್ಟಿನಂಥ ತಿಗಣೆಗೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ, ಸಂಜೆ ಹೊತ್ತು. ಇರುವೆ ಸಾಲು ಕಾಂಡ ಹತ್ತುತ್ತಿದ್ದರೆ ತಿಗಣೆ ಇದೆಯಾ ಅಂತ ಮೊದಲು ನೋಡಿ.

ಮೂರು ಚಳಿಗಾಲ ಕಳೆದರೂ ಹೂವಿಲ್ಲ ಅಂದರೆ

ಎಲೆ ಕಡು ಹಸಿರು, ದೊಡ್ಡದು, ಕುಡಿ ಚುರುಕು: ಹಿಂಡಿ ಜಾಸ್ತಿ ಆಗಿದೆ, ಒಂದು ವರ್ಷ ಪೂರ್ತಿ ಬಿಡಿ. ಎಲೆ ಎಲೆಗೂ ಅಂತರ ಹೆಚ್ಚಾಗಿ ಕುಡಿ ಸಪೂರವಾಗಿದ್ದರೆ ಬೆಳಕು ಸಾಲದು. ಚಪ್ಪರ ಎತ್ತರಿಸಿ, ಇಲ್ಲವೇ ಎದುರಿನ ಗೋಡೆಗೆ ಬಿಳಿ ಸುಣ್ಣ ಬಳಿಯಿರಿ. ಎರಡನೆಯದು ತೀರ ಅಗ್ಗದ ಉಪಾಯ, ಇಕ್ಕಟ್ಟಿನ ಸಂದಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಬಳ್ಳಿಯನ್ನೇ ಬೇರೆ ಕಡೆ ಬೆಳೆಸಬೇಕು, ಬೇರು ಕೀಳುವ ಗೋಜಿಗೆ ಹೋಗಬೇಡಿ. ಜುಲೈ, ಆಗಸ್ಟಿನಲ್ಲಿ ಅರೆಬಲಿತ ಕಾಂಡದಿಂದ ಎರಡು ಗೆಣ್ಣಿರುವ ಆರಿಂಚಿನ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಮತ್ತು ನಾರಿನ ಪುಡಿ ಬೆರೆಸಿದ ಕುಂಡದಲ್ಲಿ ಚುಚ್ಚಿ. ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಡಿ. ಒಂದೂವರೆ ತಿಂಗಳಲ್ಲಿ ಬೇರು ಬರುತ್ತದೆ. ಹೊಸ ಎಲೆ ಬಿಟ್ಟ ಮೇಲೆ ಕವರನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ತೆರೆಯುತ್ತ ಬನ್ನಿ. ಆ ವರ್ಷವೇ ನೆಲಕ್ಕೆ ಇಳಿಸುವ ಅವಸರ ಬೇಡ, ಬೇಸಿಗೆ ಕುಂಡದಲ್ಲೇ ಕಳೆಯಲಿ. ಮುಂದಿನ ಉತ್ತರೆ ಮಳೆಗೆ ನೆಡಿ.